ಸಾವನದುರ್ಗಕ್ಕೆ ಬಂದ ದನಿ: ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಅವರ ಪ್ರಕರಣ

1983ರ ಕೊನೆಯ ಹೊತ್ತಿಗೆ ಬೆಂಗಳೂರು ಅರಮನೆಯ ಆವರಣದಲ್ಲಿ ಒಂದು ಹೊಸ ಊರು ಎದ್ದಿತು. ಬಜಾರು, ಅಂಗಡಿ ಸಾಲು, ಬೀದಿ ಎಲ್ಲವೂ ಇತ್ತು. ಊರಿನ ಹೆಸರು ಚಂದ್ರಾಪುರ. ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿಯೊಳಗಿನ ಊರು ಅದು. ಆ ಕಾದಂಬರಿಯನ್ನು 'ಎ ಪ್ಯಾಸೇಜ್ ಟು ಇಂಡಿಯಾ' ಎಂಬ ಸಿನಿಮಾ ಮಾಡಲು ನಿರ್ದೇಶಕ ಡೇವಿಡ್ ಲೀನ್ ಬಂದಿದ್ದರು. ಕಥೆಗೆ ಗುಹೆಗಳು ಬೇಕಿತ್ತು. ಫಾರ್ಸ್ಟರ್ ಮನಸ್ಸಿನಲ್ಲಿ ಇದ್ದದ್ದು ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಲೀನ್ ಆರಿಸಿಕೊಂಡದ್ದು ನಮ್ಮ ಸಾವನದುರ್ಗ ಮತ್ತು ರಾಮನಗರದ ಬಂಡೆಗಳನ್ನು. ಅಲ್ಲಿ ಕಥೆಗೆ ಹೊಂದುವ ಗುಹೆ ಇರಲಿಲ್ಲ. ಹಾಗಾಗಿ ಬಂಡೆಯಲ್ಲೇ ಗುಹೆಯ ಬಾಯಿ ಕೊರೆಸಿದರು.

ಈ ಗುಹೆಗಳ ದೃಶ್ಯದಲ್ಲಿ ನಟಿಸಿದವರಲ್ಲಿ ಒಬ್ಬರು ಪೆಗ್ಗಿ ಆಶ್‌ಕ್ರಾಫ್ಟ್. ಮಗನನ್ನು ನೋಡಲು ಇಂಗ್ಲೆಂಡಿನಿಂದ ಬಂದ ವೃದ್ಧೆ ಮಿಸೆಸ್ ಮೂರ್ ಅವರ ಪಾತ್ರ. 1985ರ ಮಾರ್ಚ್ 25ರಂದು ಅದಕ್ಕೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆಗ ಅವರಿಗೆ 77 ವರ್ಷ. ಆ ವಿಭಾಗದಲ್ಲಿ ಅಷ್ಟು ವಯಸ್ಸಿನಲ್ಲಿ ಗೆದ್ದವರು ಬೇರೆ ಯಾರೂ ಇಲ್ಲ. ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಅವರ ಪರವಾಗಿ ನಟಿ ಏಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿ ತೆಗೆದುಕೊಂಡರು.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ. ಐವತ್ತು ವರ್ಷ ರಂಗಭೂಮಿಯಲ್ಲಿ ದುಡಿದ ನಟಿಯನ್ನು ಸಿನಿಮಾ ಕೊನೆಗಾಲದಲ್ಲಿ ಕಂಡುಕೊಂಡಿತು, ತಡವಾಗಿಯಾದರೂ ಗೌರವ ಸಿಕ್ಕಿತು ಅಂತ. ನನಗೆ ಅದು ಸರಿ ಅನ್ನಿಸುವುದಿಲ್ಲ. ಆಕಾಶವಾಣಿಯ ನಾಟಕ ಕೇಳುತ್ತಾ ಬೆಳೆದವನು ನಾನು. ಮುಖವೇ ಕಾಣದ ನಟ ನಟಿಯರ ಹಿಂದೆ ಮನಸ್ಸು ಹೋಗುವುದು ನನಗೆ ಗೊತ್ತು. ಪೆಗ್ಗಿ ಅವರ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಜೋಡಿಸಿ ನೋಡಿದರೆ ಅದರೊಳಗೆ ದನಿಯ ದಾರಿಯೊಂದು ಕಾಣುತ್ತದೆ. ಆ ದಾರಿ ಹಿಡಿದು ಹೋದರೆ ಮಾತ್ರ 77ರ ಆಸ್ಕರ್ ಅರ್ಥವಾಗುತ್ತದೆ.

ಕಲಿತದ್ದು, ಬಿಟ್ಟದ್ದು

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ನಾಟಕದ ಹುಚ್ಚು. ಎಲ್ಸಿ ಫೊಗರ್ಟಿ ಎಂಬ ಶಿಕ್ಷಕಿಯ ಹತ್ತಿರ ಆಕೆ ಮಾತಿನ ಪಾಠ ಹೇಳಿಸಿಕೊಂಡಿದ್ದರು. ಹದಿನಾರರ ಪೆಗ್ಗಿ ಅದೇ ಫೊಗರ್ಟಿ ಅವರ ಶಾಲೆ ಸೇರಿದರು. ಶಾಲೆ ನಡೆಯುತ್ತಿದ್ದದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಜೊತೆಗೆ ಓದುತ್ತಿದ್ದವರು ಮುಂದೆ ದೊಡ್ಡ ನಟರಾದ ಲಾರೆನ್ಸ್ ಒಲಿವಿಯೆ.

ಅಲ್ಲಿ ಒತ್ತು ಇದ್ದದ್ದು ಸ್ಪಷ್ಟ ಉಚ್ಚಾರಣೆಗೆ, ಸೊಗಸಾದ ಮಾತಿಗೆ. ಅದು ಇಬ್ಬರಿಗೂ ಹಿಡಿಸಲಿಲ್ಲ. ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಅವರ ಬರಹದಿಂದ ಪೆಗ್ಗಿ ಹೆಚ್ಚು ಕಲಿತರು. ಪಾತ್ರದ ಒಳಗೇನು ನಡೆಯುತ್ತಿದೆ ಅನ್ನುವುದು ಮೊದಲು, ಬಾಯಿಂದ ಬರುವ ಶಬ್ದ ಆಮೇಲೆ. ಇಂಗ್ಲಿಷ್ ರಂಗಭೂಮಿಯ ಅತಿ ಒಳ್ಳೆಯ ಕಂಠಗಳಲ್ಲಿ ಒಂದಾದ ನಟಿಗೆ ಕಂಠದ ಪಾಠವೇ ರುಚಿಸಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರ್‌ನಲ್ಲಿ ಅವರು ಮೊದಲು ವೇದಿಕೆ ಹತ್ತಿದರು. ಎದುರಿಗೆ ಇದ್ದವರು ನಟ ರಾಲ್ಫ್ ರಿಚರ್ಡ್‌ಸನ್. ನಾಲ್ಕು ವರ್ಷದ ನಂತರ, 1930ರಲ್ಲಿ, ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೊ'. ಒಥೆಲೊ ಆಗಿ ಅಮೆರಿಕದ ಕಪ್ಪುವರ್ಣೀಯ ಗಾಯಕ, ನಟ ಪಾಲ್ ರಾಬ್ಸನ್. ಅವನ ಹೆಂಡತಿ ಡೆಸ್ಡಿಮೋನ ಆಗಿ 22ರ ಪೆಗ್ಗಿ. ಅವರನ್ನು ಬೈದು ಪತ್ರಗಳು ಬಂದವು. ಬಿಳಿ ಹುಡುಗಿ ವೇದಿಕೆ ಮೇಲೆ ಕಪ್ಪು ಗಂಡಸಿಗೆ ಮುತ್ತು ಕೊಡುವುದೇ ಆಗಿನ ಲಂಡನ್ನಿಗೆ ಗಲಾಟೆಯ ವಿಷಯ. ವರ್ಣಭೇದ ಅಂದರೆ ಏನು ಅಂತ ಪೆಗ್ಗಿ ಹತ್ತಿರದಿಂದ ಕಂಡದ್ದು ಆಗ. ಅದಾಗಿ ಐವತ್ತಮೂರು ವರ್ಷಕ್ಕೆ, ಆಳುವ ಜನಾಂಗದವಳಾಗಿದ್ದೂ ಭಾರತದ ಡಾಕ್ಟರ್ ಅಜೀಜ್ ಅವರನ್ನು ಸಮಾನವಾಗಿ ಮಾತಾಡಿಸುವ ಮಿಸೆಸ್ ಮೂರ್ ಪಾತ್ರ ಅವರ ಕೈಗೆ ಬಂತು. ಎರಡರ ನಡುವೆ ಗೆರೆ ಎಳೆಯದೆ ಇರಲು ನನಗೆ ಆಗುವುದಿಲ್ಲ.

1935ರಲ್ಲಿ ಎರಡು ಸಂಗತಿ ನಡೆದವು. ಒಂದು ಎಲ್ಲರಿಗೂ ಗೊತ್ತಿರುವುದು. ನ್ಯೂ ಥಿಯೇಟರ್‌ನ 'ರೋಮಿಯೊ ಅಂಡ್ ಜೂಲಿಯೆಟ್'ನಲ್ಲಿ ನಟ ಜಾನ್ ಗಿಲ್‌ಗುಡ್ ಮತ್ತು ಒಲಿವಿಯೆ ರೋಮಿಯೊ, ಮರ್ಕ್ಯುಷಿಯೊ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡರು. ಒಲಿವಿಯೆ ಪದ್ಯವನ್ನು ಮಾತಿನಂತೆ ಆಡುತ್ತಿದ್ದರು, ಗಿಲ್‌ಗುಡ್ ಹಾಡಿನಂತೆ. ಯಾರು ಮೇಲು ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ಜೂಲಿಯೆಟ್ ಬಗ್ಗೆ ಯೋಚಿಸುವವರು ಕಡಿಮೆ. ಜೂಲಿಯೆಟ್ ಪೆಗ್ಗಿ. ಮಾತು ಅವೇ, ರೋಮಿಯೊ ಬೇರೆ. ಹೋದ ವಾರದವರೆಗೆ ಕೊಟ್ಟ ಉತ್ತರ ಈ ವಾರದ ರೋಮಿಯೊಗೆ ಸಲ್ಲುವುದಿಲ್ಲ. ಎದುರಿನವರ ದನಿಗೆ ಕಿವಿಗೊಟ್ಟು, ಅದಕ್ಕೆ ತಕ್ಕ ಹಾಗೆ ತನ್ನ ದನಿ ಬದಲಿಸಬೇಕು. ಕೇಳಿಸಿಕೊಳ್ಳುವುದೇ ನಟನೆಯ ಅರ್ಧ ಭಾಗ ಅಲ್ವಾ?

ಇನ್ನೊಂದು, ಆಲ್ಫ್ರೆಡ್ ಹಿಚ್‌ಕಾಕ್ ಅವರ 'ದಿ 39 ಸ್ಟೆಪ್ಸ್'. ಅದರಲ್ಲಿ ಪೆಗ್ಗಿ ಇರುವುದು ಕೆಲವೇ ನಿಮಿಷ. ಸ್ಕಾಟ್ಲೆಂಡಿನ ಒಂಟಿ ಮನೆಯಲ್ಲಿ ಗೊಡ್ಡು ರೈತನ ಚಿಕ್ಕ ವಯಸ್ಸಿನ ಹೆಂಡತಿ. ಪೊಲೀಸರಿಂದ ತಪ್ಪಿಸಿಕೊಂಡ ನಾಯಕ ಆ ರಾತ್ರಿ ಅಲ್ಲಿ ತಂಗಲು ಬರುತ್ತಾನೆ. ಆಕೆ ಗ್ಲಾಸ್ಗೊದವಳು. ಶನಿವಾರ ರಾತ್ರಿಯ ಟ್ರಾಮು, ದೀಪ, ಅಂಗಡಿ ಬೀದಿಗಳನ್ನು ನೆನೆದು ಎರಡು ಮಾತಾಡುತ್ತಾಳೆ. ಲಂಡನ್ನಿನ ಹೆಂಗಸರ ಬಗ್ಗೆ ಕೇಳುತ್ತಾಳೆ. ಗಂಡ ಒಳಗೆ ಬಂದ ಕೂಡಲೇ ದನಿ ಸತ್ತುಹೋಗುತ್ತದೆ. ಕೊನೆಗೆ ಗಂಡನ ಕೋಟನ್ನೇ ನಾಯಕನಿಗೆ ಕೊಟ್ಟು ಕಳಿಸುತ್ತಾಳೆ. ಅದರ ಜೇಬಿನಲ್ಲಿದ್ದ ಪ್ರಾರ್ಥನಾ ಗೀತೆಗಳ ಪುಸ್ತಕ ಮುಂದೆ ಅವನಿಗೆ ಬಂದ ಗುಂಡನ್ನು ತಡೆಯುತ್ತದೆ. ಅಷ್ಟೇ ಪಾತ್ರ. ಆದರೆ ಒಂದು ಇಡೀ ಸಂಸಾರದ ಸಂಕಟ ಆ ದನಿ ಏರಿ ಇಳಿಯುವುದರಲ್ಲಿ ಇದೆ. ಹಾಗಾಗಿ 'ಕ್ಯಾಮೆರಾಗೆ ಒಗ್ಗದ ನಟಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 27ನೇ ವಯಸ್ಸಿಗೇ ಅವರು ಕ್ಯಾಮೆರಾವನ್ನು ಗೆದ್ದಿದ್ದರು.

ಹಾಗಾದರೆ ಮುಂದೆ ಯಾಕೆ ಹೆಚ್ಚು ಸಿನಿಮಾ ಇಲ್ಲ? ಪೆಗ್ಗಿ ಬಯಸಿದ್ದು ತಂಡವನ್ನು. ಒಂದೇ ಗುಂಪು ವರ್ಷಗಟ್ಟಲೆ ಜೊತೆಗಿದ್ದು ನಾಟಕ ಕಟ್ಟಬೇಕು ಅನ್ನುವುದು ಅವರ ಆಸೆ. ಗಿಲ್‌ಗುಡ್ ಕಟ್ಟಿದ ತಂಡಗಳಲ್ಲಿ ಅವರಿದ್ದರು. 1961ರ ಸುಮಾರಿಗೆ ನಿರ್ದೇಶಕ ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಕಟ್ಟುವಾಗ ಮೊದಲೇ ಜೊತೆಗೆ ನಿಂತವರಲ್ಲಿ ಅವರೂ ಒಬ್ಬರು. ಸಿನಿಮಾ ಒಬ್ಬೊಬ್ಬರನ್ನೇ ಕರೆಯುತ್ತದೆ, ಕೆಲಸ ಮುಗಿದ ಮೇಲೆ ಕಳಿಸುತ್ತದೆ. ಅವರ ಜೀವ ಅಲ್ಲಿರಲಿಲ್ಲ. 1956ರಲ್ಲೇ 'ಡೇಮ್' ಬಿರುದು ಬಂದಿತ್ತು. ಕ್ರಾಯ್ಡನ್‌ನಲ್ಲಿ 1962ರಲ್ಲಿ ಅವರ ಹೆಸರಿನ ಥಿಯೇಟರ್ ಕೂಡ ತೆರೆಯಿತು. ಸಿನಿಮಾದಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ.

1963ರ 'ದಿ ವಾರ್ಸ್ ಆಫ್ ದಿ ರೋಸಸ್' ಬಗ್ಗೆ ಒಂದು ಮಾತು ಹೇಳಲೇಬೇಕು. ಶೇಕ್ಸ್‌ಪಿಯರ್‌ನ ನಾಲ್ಕು ಚರಿತ್ರೆ ನಾಟಕಗಳನ್ನು ಹಾಲ್ ಮತ್ತು ಜಾನ್ ಬಾರ್ಟನ್ ಮೂರು ನಾಟಕಗಳಾಗಿ ಹೊಲಿದಿದ್ದರು. ಮಾರ್ಗರೆಟ್ ರಾಣಿ ಮೊದಲು ಫ್ರಾನ್ಸಿನಿಂದ ಬಂದ ಹುಡುಗಿ. ಕೊನೆಗೆ ಎಲ್ಲವನ್ನೂ ಕಳೆದುಕೊಂಡು ಶಾಪ ಹಾಕುವ ಹಣ್ಣು ಮುದುಕಿ. ಅಷ್ಟನ್ನೂ 55ರ ಪೆಗ್ಗಿ ಒಬ್ಬರೇ ಮಾಡಿದರು. ಬಿಬಿಸಿ ಅದನ್ನು ಟಿವಿಗಾಗಿ ಚಿತ್ರಿಸಿಕೊಂಡಿತು, ಹಾಗಾಗಿ ಅದು ಉಳಿದಿದೆ.

ಒಂದು ಅಡುಗೆಮನೆ, ಒಂದು ಮೈಕು

ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಇರುವುದು 1968ರಲ್ಲಿ.

ನಾಟಕಕಾರ ಹ್ಯಾರಲ್ಡ್ ಪಿಂಟರ್ 'ಲ್ಯಾಂಡ್‌ಸ್ಕೇಪ್' ಎಂಬ ಚಿಕ್ಕ ನಾಟಕ ಬರೆದಿದ್ದರು. ಆಗ ಬ್ರಿಟನ್ನಿನಲ್ಲಿ ಯಾವ ಹೊಸ ನಾಟಕ ವೇದಿಕೆಗೆ ಬರಬೇಕಾದರೂ ಲಾರ್ಡ್ ಚೇಂಬರ್ಲೇನ್ ಕಚೇರಿಯ ಅನುಮತಿ ಬೇಕು. ಅರಮನೆಯ ಅಧಿಕಾರಿಯೊಬ್ಬರು ನಾಟಕ ಓದಿ ಕತ್ತರಿ ಹಾಕುವ ಪದ್ಧತಿ 18ನೇ ಶತಮಾನದಿಂದ ಬಂದದ್ದು. 'ಲ್ಯಾಂಡ್‌ಸ್ಕೇಪ್'ನ ಕೆಲವು ಒರಟು ಮಾತು ತೆಗೆಯಿರಿ ಅಂದರು. ಪಿಂಟರ್ ಒಪ್ಪಲಿಲ್ಲ. ಆದರೆ ಆ ಕಚೇರಿಯ ಅಧಿಕಾರ ವೇದಿಕೆಗೆ ಮಾತ್ರ, ರೇಡಿಯೊಗೆ ಇರಲಿಲ್ಲ. ಹಾಗಾಗಿ ನಾಟಕ 1968ರ ಏಪ್ರಿಲ್ 25ರಂದು ಬಿಬಿಸಿ ರೇಡಿಯೊದಲ್ಲಿ ಮೊದಲು ಬಂತು. ಬೆತ್ ಪಾತ್ರಕ್ಕೆ ಪೆಗ್ಗಿ, ಅವಳ ಗಂಡ ಡಫ್ ಆಗಿ ಎರಿಕ್ ಪೋರ್ಟರ್.

ದೊಡ್ಡ ಮನೆಯೊಂದರ ಅಡುಗೆಮನೆಯಲ್ಲಿ ಗಂಡ ಹೆಂಡತಿ ಕುಳಿತಿದ್ದಾರೆ. ಗಂಡ ನಾಯಿ, ಬಾತುಕೋಳಿ, ಬಿಯರ್ ವಿಷಯ ಮಾತಾಡುತ್ತಾನೆ. ಹೆಂಡತಿ ಯಾವಾಗಲೋ ಕಡಲ ತೀರದಲ್ಲಿ ಪ್ರೀತಿಸಿದವನ ಜೊತೆ ಕಳೆದ ದಿನವನ್ನು ನೆನೆಯುತ್ತಾಳೆ. ಅವನ ಮಾತು ಅವಳಿಗೆ ಕೇಳಿಸುವ ಹಾಗೆ ಕಾಣುವುದಿಲ್ಲ. ಅವಳ ಮಾತು ಅವನಿಗೆ ಮುಟ್ಟುವುದಿಲ್ಲ. ಒಂದೇ ಕೋಣೆ, ಎರಡು ಒಂಟಿ ದನಿ.

ವೇದಿಕೆಯ ನಟಿಗೆ ಇದು ತಲೆಕೆಳಗಾದ ಕೆಲಸ. ಥಿಯೇಟರ್‌ನಲ್ಲಿ ಪಿಸುಮಾತು ಕೂಡ ಕೊನೆಯ ಸಾಲಿಗೆ ಮುಟ್ಟಬೇಕು. ಅಂದರೆ ಪಿಸುಮಾತಿನ ನಟನೆ ಮಾಡಬೇಕು, ಪಿಸುಮಾತು ಆಡುವ ಹಾಗಿಲ್ಲ. ಮೈಕಿನ ಮುಂದೆ ನಿಜವಾಗಿಯೂ ಪಿಸುಗುಡಬಹುದು. ಉಸಿರು ಎಳೆದುಕೊಂಡದ್ದೂ ಕೇಳಿಸುತ್ತದೆ. ಒಂದು ಸುಳ್ಳು ಸ್ವರ ಬಂದರೆ ಅದೂ ಕೇಳಿಸುತ್ತದೆ. ಕೈ ಬೀಸಿ, ಕಣ್ಣು ಅರಳಿಸಿ ಮುಚ್ಚಿಹಾಕಲು ಆಗುವುದಿಲ್ಲ. ಬೆತ್ ಯಾರಿಗೂ ಹೇಳದೆ, ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಅದನ್ನು ಕದ್ದು ಕೇಳಿದ ಹಾಗೆ ಕೇಳುಗನಿಗೆ ಅನ್ನಿಸಬೇಕು. ಉಚ್ಚಾರಣೆಯ ಸೊಗಸನ್ನು ಹದಿನಾರಕ್ಕೇ ಒಲ್ಲೆ ಅಂದ ಹುಡುಗಿಗೆ 60ರಲ್ಲಿ ತಕ್ಕ ಜಾಗ ಸಿಕ್ಕಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವೇದಿಕೆಯ ಸೆನ್ಸಾರ್ ಪದ್ಧತಿ ಕಾನೂನಿನಿಂದಲೇ ರದ್ದಾಯಿತು. 1969ರಲ್ಲಿ ಆಲ್ಡ್‌ವಿಚ್ ಥಿಯೇಟರ್‌ನಲ್ಲಿ ಹಾಲ್ ನಿರ್ದೇಶನದಲ್ಲಿ ಪೆಗ್ಗಿ ಮತ್ತೆ ಬೆತ್ ಆದರು. ಈಗ ಎದುರಿಗೆ ಡೇವಿಡ್ ವಾಲರ್. ಮೊದಲು ಮೈಕು, ಆಮೇಲೆ ವೇದಿಕೆ. ಸಾಮಾನ್ಯ ಕ್ರಮಕ್ಕೆ ಇದು ಉಲ್ಟಾ. ಸೆನ್ಸಾರ್‌ನಿಂದ ಆದ ಈ ಅದಲುಬದಲು ಪೆಗ್ಗಿ ಅವರ ನಟನೆಯನ್ನು ಒಳಮುಖ ಮಾಡಿತು ಅನ್ನುವುದು ನನ್ನ ಓದು. ಕ್ಯಾಮೆರಾಗೆ ಬೇಕಾದದ್ದೂ ಅದೇ. ಹತ್ತಿರದ ಶಾಟಿನಲ್ಲಿ ಮುಖದ ಮೇಲೆ ಬರುವುದೆಲ್ಲ ಮೈಕಿನ ಮುಂದಿನ ಉಸಿರಿನ ಹಾಗೆ. ಒಂಚೂರು ಜಾಸ್ತಿಯಾದರೂ ಸುಳ್ಳು.

ಮಾತು ನಿಂತುಹೋದ ಬಾರ್ಬಿ

1980ರ ಟಿವಿಯ ಎರಡು ಪಾತ್ರಗಳಿಗೆ ಸೇರಿ ಅವರಿಗೆ ಬ್ರಿಟನ್ನಿನ ಸಿನಿಮಾ, ಟಿವಿ ಪ್ರಶಸ್ತಿಯಾದ ಬಾಫ್ಟಾ ಬಂತು. 1981ರಲ್ಲಿ ಟ್ರೆವರ್ ನನ್ ನಿರ್ದೇಶನದ ಶೇಕ್ಸ್‌ಪಿಯರ್ ನಾಟಕದಲ್ಲಿ ಕೌಂಟೆಸ್ ಪಾತ್ರ, ಅದೇ ಅವರ ಕೊನೆಯ ರಂಗಪಾತ್ರ. ಆಮೇಲೆ ಭಾರತ.

ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳನ್ನು ಗ್ರಾನಡಾ ಟೆಲಿವಿಷನ್ 14 ಕಂತುಗಳ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಆಗಿ ಮಾಡಿತು. 1984ರ ಆರಂಭದಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಪೆಗ್ಗಿ ಅವರ ಪಾತ್ರ ಬಾರ್ಬಿ ಬ್ಯಾಚಲರ್. ಮಿಷನ್ ಶಾಲೆಯಿಂದ ನಿವೃತ್ತಳಾದ ಮದುವೆಯಾಗದ ಟೀಚರ್. ಗಿರಿಧಾಮದ ಇಂಗ್ಲಿಷ್ ಹೆಂಗಸರ ಕಣ್ಣಿಗೆ ಆಕೆ ಕೀಳು ಮನೆತನದವಳು. ಬಾರ್ಬಿಗೆ ಮಾತು ಜಾಸ್ತಿ. ಸುಮ್ನೆ ಇರಲು ಬರುವುದಿಲ್ಲ. ಯಾರಿಗೂ ಬೇಡವಾದವರು ಮಾತಿನಿಂದಲೇ ತಮ್ಮ ಜಾಗ ಉಳಿಸಿಕೊಳ್ಳಲು ನೋಡುತ್ತಾರಲ್ಲ, ಹಾಗೆ. ಆಶ್ರಯ ಕೊಟ್ಟಿದ್ದ ಮೇಬಲ್ ಸತ್ತ ಮೇಲೆ ಬಾರ್ಬಿಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ನಂಬಿಕೆ ಕುಸಿಯುತ್ತದೆ. ಕೊನೆಗೆ ಮಾತೇ ನಿಲ್ಲುತ್ತದೆ. ಆಸ್ಪತ್ರೆಯ ಕಿಟಕಿಯಾಚೆ ನೋಡುತ್ತಾ ಮೌನವಾಗಿ ಉಳಿಯುತ್ತಾಳೆ. ಕಾದಂಬರಿಯಲ್ಲಿ ಆಕೆ ಸಾಯುವುದು 1945ರ ಆಗಸ್ಟ್ 6ರಂದು, ಹಿರೋಷಿಮಾದ ಮೇಲೆ ಬಾಂಬು ಬಿದ್ದ ದಿನ.

ಪೆಗ್ಗಿ ಬಾರ್ಬಿಯನ್ನು ನಗೆಪಾಟಲು ಮಾಡಲಿಲ್ಲ. ಹಾಗೆ ಮಾಡುವುದು ಬಹಳ ಸುಲಭವಿತ್ತು. ಆ ಗಡಿಬಿಡಿಯ ಮಾತಿನ ಹಿಂದೆ ಹೆದರಿಕೆ ಇದೆ ಅಂತ ಮೊದಲಿಂದಲೇ ಕೇಳಿಸುತ್ತದೆ. ಅದಕ್ಕೇ ಮಾತು ನಿಂತಾಗ ನಮಗೆ ಅಷ್ಟು ನೋವಾಗುತ್ತದೆ. ಈ ಪಾತ್ರಕ್ಕೂ ಬಾಫ್ಟಾ ಬಂತು. ನನ್ನನ್ನು ಕೇಳಿದರೆ ಅವರ ಪರದೆಯ ಕೆಲಸದಲ್ಲಿ ಅತಿ ದೊಡ್ಡದು ಇದು, ಮಿಸೆಸ್ ಮೂರ್‌ಗಿಂತಲೂ.

ಬಂಡೆಯೊಳಗಿನ ಮಾರ್ದನಿ

ಲೀನ್ ಕರೆದಾಗ ಪೆಗ್ಗಿ ಹಿಂಜರಿದರು. "ಮಿಸ್ಟರ್ ಲೀನ್, ನನಗೆ 75 ವರ್ಷ" ಅಂದರು. "ನನಗೂ ಅಷ್ಟೇ" ಅಂದರು ಲೀನ್. ಈ ಮಾತುಕತೆ ಬಹಳ ಪ್ರಸಿದ್ಧ. ಇಬ್ಬರ ಹುಟ್ಟಿಗೆ ಮೂರು ತಿಂಗಳ ಅಂತರ ಅಷ್ಟೇ. ಆಸ್ಕರ್ ಸಮಾರಂಭದ ದಿನವೇ ಲೀನ್ ಅವರಿಗೆ 77 ತುಂಬಿತು.

ಮಿಸೆಸ್ ಮೂರ್ ಪಾತ್ರವನ್ನು ಮೂರು ಕಡೆ ನೋಡಬೇಕು. ಮೊದಲು ರಾತ್ರಿಯ ಮಸೀದಿ. ಬೂಟು ಕಳಚದೆ ಬಂದಿದ್ದಾಳೆ ಅಂದುಕೊಂಡು ಅಜೀಜ್ ಕತ್ತಲಲ್ಲಿ ಕೂಗಿ ಬೈಯುತ್ತಾರೆ. ಆಕೆ ಆಗಲೇ ಕಳಚಿದ್ದಾಳೆ. ಅಜೀಜ್ ಪಾತ್ರದ ವಿಕ್ಟರ್ ಬ್ಯಾನರ್ಜಿ ಅವರ ಸಿಡುಕು ದನಿಗೆ ಪೆಗ್ಗಿ ಕೊಡುವ ಉತ್ತರದಲ್ಲಿ ಅಳುಕೂ ಇಲ್ಲ, ದೊಡ್ಡಸ್ತಿಕೆಯೂ ಇಲ್ಲ. ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ. ಆ ಒಂದು ಮಟ್ಟದ ದನಿಗೇ ಅಜೀಜ್ ಕರಗುತ್ತಾರೆ, ನಾವೂ ಕರಗುತ್ತೇವೆ.

ಎರಡನೆಯದು ಗುಹೆ. ಯಾವ ಮಾತಾಡಿದರೂ ಅಲ್ಲಿ ಬರುವುದು ಒಂದೇ ಮಾರ್ದನಿ. ಒಳ್ಳೆಯದು, ಕೆಟ್ಟದ್ದು, ಪ್ರಾರ್ಥನೆ, ಬೈಗುಳ ಎಲ್ಲವೂ ಒಂದೇ ಗುಡುಗಾಗಿ ವಾಪಸು ಬರುತ್ತದೆ. ಜನಜಂಗುಳಿಯಲ್ಲಿ ಉಸಿರುಕಟ್ಟಿ ಆಕೆ ಹೊರಗೆ ಬರುತ್ತಾಳೆ. ಬಿಸಿಲಲ್ಲಿ ಕೂರುತ್ತಾಳೆ. ಜೀವನವಿಡೀ ಮಾತಿಗೆ ಅರ್ಥವಿದೆ ಅಂತ ನಂಬಿದ್ದ ಹೆಂಗಸು ಆ ನಂಬಿಕೆ ಕಳೆದುಕೊಂಡದ್ದು ಪೆಗ್ಗಿ ಅವರ ಮುಖದಲ್ಲಿ ಕಾಣುತ್ತದೆ. ಸಾವನದುರ್ಗ ಹತ್ತುವಾಗ ನಾನೂ ಬಂಡೆಯ ಕಡೆಗೆ ಒಂದು ಸಲ ಕೂಗಿ ನೋಡಿದ್ದೇನೆ. ಆ ಬರಿಬಂಡೆಯ ಎದುರು ಮನುಷ್ಯನ ದನಿ ಎಷ್ಟು ಚಿಕ್ಕದು ಅಂತ ಅಲ್ಲಿಗೆ ಹೋದವರಿಗೆ ಗೊತ್ತು.

ಮೂರನೆಯದರಲ್ಲಿ ಪೆಗ್ಗಿ ಇಲ್ಲವೇ ಇಲ್ಲ. ಗುಹೆಯಲ್ಲಿ ಇಂಗ್ಲಿಷ್ ಹುಡುಗಿಯೊಬ್ಬಳ ಮೇಲೆ ಕೈ ಮಾಡಿದ ಅಂತ ಅಜೀಜ್ ಮೇಲೆ ಮೊಕದ್ದಮೆ ನಡೆಯುವಾಗ ಮಿಸೆಸ್ ಮೂರ್ ಹಡಗು ಹತ್ತಿ ಹೋಗಿಯಾಗಿದೆ. ಕೋರ್ಟಿನ ಹೊರಗೆ ಜನ ಆಕೆಯ ಹೆಸರನ್ನೇ ಮಂತ್ರದ ಹಾಗೆ ಕೂಗುತ್ತಾರೆ. ಆ ಕೂಗಿಗೆ ಬೆಲೆ ಬರಬೇಕಾದರೆ ಅಷ್ಟು ಹೊತ್ತಿಗೆ ಆಕೆ ನೋಡುವವರ ಮನಸ್ಸಿನಲ್ಲಿ ಕೂತಿರಬೇಕು. ಕೂತಿರುತ್ತಾಳೆ.

ಮತ್ತೆ ಮೈಕಿನ ಮುಂದೆ

ಆಸ್ಕರ್ ಬಂದ ಮೇಲೆ ಅವರು ಏನು ಮಾಡಿದರು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. 1986ರಲ್ಲಿ 'ವೆನ್ ದಿ ವಿಂಡ್ ಬ್ಲೋಸ್' ಎಂಬ ಆನಿಮೇಷನ್ ಚಿತ್ರಕ್ಕೆ ದನಿ ಕೊಟ್ಟರು. ರೇಮಂಡ್ ಬ್ರಿಗ್ಸ್ ಅವರ ಚಿತ್ರಕಥಾ ಪುಸ್ತಕ ಅದಕ್ಕೆ ಮೂಲ. ಹಳ್ಳಿಯ ಮನೆಯಲ್ಲಿ ಜಿಮ್ ಮತ್ತು ಹಿಲ್ಡಾ ಎಂಬ ವಯಸ್ಸಾದ ದಂಪತಿ. ಅಣುಬಾಂಬು ಬೀಳುವ ಸುದ್ದಿ ಬಂದಿದೆ. ಜಿಮ್ ಸರ್ಕಾರದ ಕರಪತ್ರ ನೋಡಿಕೊಂಡು ಬಾಗಿಲು ಕಳಚಿ ಮನೆಯೊಳಗೆ ಆಸರೆ ಕಟ್ಟುತ್ತಾನೆ. ಹಿಲ್ಡಾಗೆ ಚಹಾ, ದಿಂಬು, ಗೋಡೆಯ ಬಣ್ಣದ ಚಿಂತೆ. ಜಿಮ್‌ಗೆ ಜಾನ್ ಮಿಲ್ಸ್ ದನಿ, ಹಿಲ್ಡಾಗೆ ಪೆಗ್ಗಿ. ಚಿತ್ರದ ಹೆಚ್ಚಿನ ಭಾಗ ಈ ಎರಡೇ ದನಿ. ವಿಕಿರಣದಿಂದ ಕಾಯಿಲೆ ಏರುತ್ತಾ ಹೋಗುತ್ತದೆ, ಹಿಲ್ಡಾಗೆ ಅದೇನೆಂದು ಗೊತ್ತೇ ಆಗುವುದಿಲ್ಲ. ಮನೆವಾರ್ತೆಯ ದನಿ ಹಾಗೇ ಇರುತ್ತದೆ, ಉಸಿರು ಮಾತ್ರ ಕಡಿಮೆಯಾಗುತ್ತದೆ. ನಾನು ಅದನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿದೆ. ಚಿತ್ರವಿಲ್ಲದೆಯೂ ಎಲ್ಲವೂ ಕಾಣುತ್ತಿತ್ತು. ಹಿರೋಷಿಮಾದ ದಿನ ಸಾಯುವ ಬಾರ್ಬಿಯನ್ನು ಆಡಿ ಮುಗಿಸಿದ ನಟಿಯೇ ಹಿಲ್ಡಾಗೂ ದನಿಯಾದರು.

ಕೊನೆಯ ದೊಡ್ಡ ಕೆಲಸವೂ ದನಿಯದೇ, ಅದರಲ್ಲೂ ಭಾರತವೇ. ನಾಟಕಕಾರ ಟಾಮ್ ಸ್ಟಾಪರ್ಡ್ ರೇಡಿಯೊಗೆ ಬರೆದ 'ಇನ್ ದಿ ನೇಟಿವ್ ಸ್ಟೇಟ್' 1991ರ ಏಪ್ರಿಲ್ ಕೊನೆಯ ಭಾಗದಲ್ಲಿ ಬಿಬಿಸಿ ರೇಡಿಯೊ 3ರಲ್ಲಿ ಪ್ರಸಾರವಾಯಿತು. ಫ್ಲೋರಾ ಕ್ರೂ ಎಂಬ ಇಂಗ್ಲಿಷ್ ಕವಯಿತ್ರಿ 1930ರಲ್ಲಿ ಭಾರತದ ಒಂದು ಸಂಸ್ಥಾನಕ್ಕೆ ಬರುತ್ತಾಳೆ. ಅಲ್ಲಿನ ಕಲಾವಿದನೊಬ್ಬ ಅವಳ ಚಿತ್ರ ಬರೆಯುತ್ತಾನೆ. ಎಷ್ಟೋ ವರ್ಷದ ಮೇಲೆ ಆ ಕಲಾವಿದನ ಮಗ ಇಂಗ್ಲೆಂಡಿನಲ್ಲಿ ಫ್ಲೋರಾಳ ತಂಗಿಯನ್ನು ಹುಡುಕಿಕೊಂಡು ಬರುತ್ತಾನೆ. ಫ್ಲೋರಾ ಪಾತ್ರಕ್ಕೆ ಫೆಲಿಸಿಟಿ ಕೆಂಡಲ್. ತಂದೆಯ ಶೇಕ್ಸ್‌ಪಿಯರ್ ತಂಡದ ಜೊತೆ ಭಾರತವಿಡೀ ಸುತ್ತಿ ಬೆಳೆದವರು ಅವರು. ತಂಗಿ ಮಿಸೆಸ್ ಸ್ವಾನ್ ಪಾತ್ರಕ್ಕೆ 83ರ ಪೆಗ್ಗಿ.

ಕಥೆಯ 1930 ಅಂದರೆ ಪೆಗ್ಗಿ ರಾಬ್ಸನ್ ಎದುರು ಡೆಸ್ಡಿಮೋನ ಆದ ವರ್ಷ. ನಾಟಕದಲ್ಲಿ ಮಿಸೆಸ್ ಸ್ವಾನ್ ಬಂದ ಅತಿಥಿಗೆ ಚಹಾ, ಕೇಕು ಕೊಟ್ಟು, ಸಾಮ್ರಾಜ್ಯದ ಬಗ್ಗೆ ಅವನ ಜೊತೆ ವಾದ ಮಾಡುತ್ತಾ, ಅಕ್ಕನ ನೆನಪಿನಲ್ಲಿ ಒಳಗೇ ಕರಗುತ್ತಾಳೆ. ವೇಷ, ಬೆಳಕು, ಬಂಡೆ ಯಾವುದೂ ಇಲ್ಲ. ಸ್ಟುಡಿಯೋ, ಮೈಕು, ಎದುರಿಗೆ ಭಾರತದ ಮಗನೊಬ್ಬನ ಪಾತ್ರ ಮಾಡುತ್ತಿರುವ ನಟ. ಪ್ರಸಾರವಾಗಿ ಎರಡು ತಿಂಗಳು ತುಂಬುವ ಮೊದಲೇ, ಜೂನ್ 14ರಂದು, ಲಂಡನ್ನಿನಲ್ಲಿ ಪೆಗ್ಗಿ ತೀರಿಕೊಂಡರು.